ಎರಡನೇ ದಾರಿಯ ಮೂರೂಕಾಲು ಗಂಟೆ

"ಅದನ್ನ ಕೀಳೋ ಹಾಗಿಲ್ಲ," ಎಂದ ತಾನೊ.

ಹೆಂಗಸು ತಲೆ ಎತ್ತಲಿಲ್ಲ. ಮೊಣಕಾಲೂರಿ ಕೂತು, ಕಲ್ಲಿನ ಸಂದಿಯಲ್ಲಿ ಬೆಳೆದ ಒರೆಗಾನೊ ಎಂಬ ಘಮದ ಸೊಪ್ಪಿನ ಕಡ್ಡಿಗಳನ್ನು ಕೊಯ್ದು ಮಡಿಲಿಗೆ ಹಾಕಿಕೊಳ್ಳುತ್ತಲೇ ಇದ್ದಳು. ತಲೆಯ ವಸ್ತ್ರದಿಂದ ಕಾಲುಚೀಲದವರೆಗೆ ಕಪ್ಪು. ಸಿಸಿಲಿಯ ಜೂನ್ ಬಿಸಿಲಿನಲ್ಲಿ ಅಷ್ಟು ಕಪ್ಪನ್ನು ಕಂಡರೆ ಕಂಡವರಿಗೇ ಬೆವರಬೇಕು.

"ಯಾರು ಹೇಳಿದ್ದು?"

"ಕಾನೂನು. ಎರಡು ವರ್ಷದಿಂದ ಈ ಹೊಳೆ, ಈ ಕಣಿವೆ ಎಲ್ಲಾ ಮೀಸಲು ಪ್ರದೇಶ. ಬೋರ್ಡು ನೋಡ್ಲಿಲ್ವಾ?"

"ನೋಡ್ದೆ. ನಮ್ಮತ್ತೆ ನಲವತ್ತು ವರ್ಷದಿಂದ ಇಲ್ಲಿಂದಾನೇ ಒರೆಗಾನೊ ಒಯ್ತಿದಾರೆ. ಆಗ ನಿಮ್ಮ ಬೋರ್ಡು ಇನ್ನೂ ಮರವಾಗಿತ್ತು, ಗಾರ್ಡ್ ಸಾಹೇಬ್ರೇ."

ತಾನೊ ನಗಬಾರದೆಂದುಕೊಂಡ. ಆದರೂ ನಕ್ಕ. ಆಗ ಅವಳು ತಲೆ ಎತ್ತಿದಳು. ಮುಖ ಗಂಭೀರವಾಗಿಯೇ ಇತ್ತು. ಎಡಗಣ್ಣಿನ ತುದಿಯಲ್ಲಿ ಮಾತ್ರ ಏನೋ ಒಂದು ಮಿನುಗಿ, ಸಿಕ್ಕಿಬಿದ್ದೆನೆಂಬಂತೆ ಕೂಡಲೇ ಅಡಗಿತು.

ಅವಳು ವೆನೆರಾ. ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಲಿಬೊರಿಯೊನ ವಿಧವೆ ಎಂದರೇ ಎಲ್ಲರಿಗೂ ಗೊತ್ತಾಗುತ್ತಿತ್ತು. ನಿಂಬೆಹಣ್ಣಿನ ಲಾರಿ ಉರುಳಿ ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅತ್ತೆ ದೊನ್ನಾ ಫಿಲಿಪ್ಪಾಳ ಜೊತೆ ಒಂದೇ ಸೂರಿನಡಿ, ಒಂದೇ ಬಣ್ಣದ ಬಟ್ಟೆಯಲ್ಲಿ ಬದುಕುತ್ತಿದ್ದಳು. ತಾನೊ ಮೂವತ್ತೆಂಟರ ಒಂಟಿ ಮನುಷ್ಯ. ತಾಯಿ ತೀರಿಕೊಂಡ ಮೇಲೆ ಹಳೆಯ ಗಿರಣಿಯ ಪಕ್ಕದ ಕಾವಲು ಮನೆಯಲ್ಲೇ ಉಳಿದುಬಿಟ್ಟಿದ್ದ.

"ಮನೆ ಖರ್ಚಿಗೆ ವಾರಕ್ಕೊಂದು ಹಿಡಿ ಕೊಯ್ಯೋಕೆ ಚೀಟಿ ಬರ್ಕೊಡಬಹುದು," ಎಂದ. "ಗುರುವಾರ ಬನ್ನಿ."

"ಯಾರ ಹಿಡಿ? ನಿಮ್ಮದೋ ನಮ್ಮದೋ?"

ಅವನ ಅಗಲವಾದ ಅಂಗೈಯನ್ನು ಅವಳು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ನನ್ನದೇ ಇರಲಿ," ಎಂದ ತಾನೊ.

ಹೀಗೆ ಗುರುವಾರಗಳು ಶುರುವಾದವು.

ಮೊದಲು ಚೀಟಿಯ ಮಾತು, ಬಿಸಿಲಿನ ಮಾತು. ಆಮೇಲೆ ಮಾತಿಲ್ಲದೆಯೂ ಸಮಯ ಹೋಗತೊಡಗಿತು. ವೆನೆರಾ ಕೊಯ್ಯುತ್ತಿದ್ದಳು, ತಾನೊ ಹತ್ತಿರದ ಕಲ್ಲಿನ ಮೇಲೆ ಕೂತು ತನಗೇನೋ ಕೆಲಸವಿದೆಯೆಂದು ನಟಿಸುತ್ತಿದ್ದ. ಇಬ್ಬರ ನಡುವೆ ಹೊಳೆಯ ಸದ್ದು, ಅಷ್ಟೆ. ಮೌನಕ್ಕೂ ಒಂದು ಹದವಿದೆ ಎಂಬುದು ಅವನಿಗೆ ಆಗಲೇ ತಿಳಿದದ್ದು. ಕಾವಲು ಮನೆಯಲ್ಲಿ ಒಬ್ಬನೇ ಇದ್ದಾಗಿನ ಮೌನ ಹಸಿದ ಹೊಟ್ಟೆಯಂತೆ. ಇವಳ ಪಕ್ಕದ ಮೌನ ಉಂಡೆದ್ದ ಮೇಲಿನದು.

ಜುಲೈನಲ್ಲಿ ಕಚೇರಿಯಿಂದ ಆದೇಶ ಬಂತು. ಕಣಿವೆಯಲ್ಲಿ ಮೂರು ಸುಲಭದ ಕಾಲುದಾರಿಗಳನ್ನು ಗುರುತಿಸಿಯಾಗಿತ್ತು, ಮಕ್ಕಳೂ ಮುದುಕರೂ ನಡೆಯಬಹುದಾದಂಥವು. ಪ್ರತಿಯೊಂದರ ಬಾಯಲ್ಲಿ ದೂರ, ಬೇಕಾಗುವ ಸಮಯ ಕೊರೆದ ಮರದ ಬೋರ್ಡು ನಿಲ್ಲಿಸಬೇಕು.

"ನಡೆದು ನೋಡಿ ಬರಿ, ತಾನೊ," ಎಂದಿದ್ದರು ಡೈರೆಕ್ಟರು. "ಅಂದಾಜು ಬೇಡ. ಹೊರಟ ಗಂಟೆ, ಮರಳಿದ ಗಂಟೆ. ಗಡಿಯಾರ ಏನು ಹೇಳುತ್ತೋ ಅದು."

ಒಂದನೆಯ ದಾರಿಯನ್ನೂ ಮೂರನೆಯದನ್ನೂ ತಾನೊ ಒಬ್ಬನೇ ನಡೆದ. ಎರಡನೆಯದು ಗಿರಣಿಯಿಂದ ಮೂರನೇ ಮಡುವಿನವರೆಗೆ ಹೋಗಿ ಬರುವ ದಾರಿ. ಮೂರರಲ್ಲಿ ಅದೇ ಚಿಕ್ಕದು. ಅದನ್ನು ನಡೆದದ್ದು ಗುರುವಾರ.

"ಇವತ್ತು ಸರ್ಕಾರಿ ಕೆಲಸ ಇದೆ," ಎಂದ. "ಜೊತೆಗೆ ಬರ್ತೀಯಾ?"

ಅವನು 'ನೀನು' ಎಂದದ್ದು ಅದೇ ಮೊದಲು. ವೆನೆರಾ ಕೇಳಿಸದವಳಂತೆ ಚೀಲವನ್ನು ಹೆಗಲಿಗೇರಿಸಿದಳು. ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗದೆಯೇ ಅಂದಳು: "ಸರ್ಕಾರ ಇಷ್ಟು ನಿಧಾನಕ್ಕೆ ನಡೆಯುತ್ತಾ? ಬಾ."

ಕಣಗಿಲೆ ಪೂರ್ತಿ ಅರಳಿತ್ತು. ಮೊದಲ ಮಡುವಿನಲ್ಲಿ ಅವಳು ಚಪ್ಪಲಿ ಬಿಚ್ಚಿದಳು, ಆಮೇಲೆ ಆಚೆ ನೋಡು ಎಂದು ಅವನನ್ನು ಗದರಿಸಿ ಕಾಲುಚೀಲ ಬಿಚ್ಚಿದಳು. ನಾಲ್ಕು ವರ್ಷ ಬಿಸಿಲು ಕಾಣದ ಪಾದಗಳು ನೀರೊಳಗೆ ಬೆಳ್ಳಗೆ ಮೀನಿನಂತೆ ಕಂಡವು. ಆಚೆ ನೋಡುತ್ತಿದ್ದ ತಾನೊಗೆ ಅದು ಹೇಗೆ ಕಂಡಿತೆಂದು ಅವಳೂ ಕೇಳಲಿಲ್ಲ.

ಎರಡನೇ ಮಡುವಿನ ಚಿನಾರ್ ಮರದಡಿ ಬ್ರೆಡ್ಡು ತಿಂದರು. ಟೊಮೆಟೊ ಹಿಂಡಿ, ಎಣ್ಣೆ ಹಾಕಿ, ಆಗಷ್ಟೇ ಕೊಯ್ದ ಒರೆಗಾನೊ ಉದುರಿಸಿದ ಬ್ರೆಡ್ಡು.

"ಲಿಬೊರಿಯೊ ಒಳ್ಳೆಯವನಾಗಿದ್ದ," ಎಂದಳು ವೆನೆರಾ ಇದ್ದಕ್ಕಿದ್ದಂತೆ.

"ಗೊತ್ತು."

"ನಾನು ಅಳೋದು ನಿಂತು ಎರಡು ವರ್ಷ ಆಯ್ತು. ಅತ್ತೆ ಬೇಜಾರು ಮಾಡ್ಕೋತಾರೆ ಅಂತ ಅಳುವವಳ ಹಾಗೆ ಇರ್ತೀನಿ. ಅವರೂ ನನಗೋಸ್ಕರ ಹಾಗೇ ಇರ್ತಾರೇನೋ. ಯಾರಿಗೆ ಗೊತ್ತು?"

ತಾನೊ ಅವಳ ಗಲ್ಲಕ್ಕಂಟಿದ್ದ ಬ್ರೆಡ್ಡಿನ ಚೂರನ್ನು ಹೆಬ್ಬೆರಳಿನಿಂದ ಒರೆಸಿದ. ಹೆಬ್ಬೆರಳು ತಕ್ಷಣ ವಾಪಸು ಬರಲಿಲ್ಲ.

"ಸರ್ಕಾರಿ ಕೆಲಸ," ಎಂದಳು ಅವಳು, ದನಿ ಸಣ್ಣದಾಗಿ.

"ಮೂರನೇ ಮಡು ಇನ್ನೂ ಇದೆ," ಎಂದ ಅವನು.

ಗಿರಣಿಗೆ ಮರಳಿದಾಗ ಗಡಿಯಾರ ನೋಡಿದ. ಹೊರಟದ್ದು ಏಳೂ ಹತ್ತಕ್ಕೆ, ಬಂದದ್ದು ಹತ್ತೂ ಇಪ್ಪತ್ತೈದಕ್ಕೆ. ಇದ್ದುದನ್ನು ಇದ್ದ ಹಾಗೆ ಪುಸ್ತಕದಲ್ಲಿ ಬರೆದ. ಬರೆಯುವಾಗ ಬೇರೆ ಯೋಚನೆಯೇ ಬರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಅವನ ಒಂದು ಬೆಳಗು ಬರೆದಿಡುವಂಥದ್ದಾಗಿತ್ತು.

ಆಗಸ್ಟಿನಲ್ಲಿ ಬೋರ್ಡುಗಳು ಬಂದವು. ಎರಡನೇ ದಾರಿ, ಸುಲಭ, ಮೂರೂಕಾಲು ಗಂಟೆ.

ಚೌಕದ ಕಾಫಿ ಅಂಗಡಿಯಲ್ಲಿ ಹಬ್ಬವೋ ಹಬ್ಬ. ಮೊದಲು ಬಾಯಿ ತೆರೆದವನು ಬಾಸ್ತಿಯಾನೊ, ಹಿಂದೆ ಹೇಸರಗತ್ತೆ ಮೇಲೆ ಗಿರಣಿಗೆ ಗೋಧಿ ಸಾಗಿಸುತ್ತಿದ್ದ ಮುದುಕ.

"ಲೋ ತಾನೊ, ನನ್ನ ಹೇಸರಗತ್ತೆ ಕುಂಟು. ಮೇಲೆ ಎರಡು ಮೂಟೆ. ಆದ್ರೂ ಒಂದೂಕಾಲು ಗಂಟೇಲಿ ಹೋಗಿ ಬರ್ತಿತ್ತು. ನಿನ್ನ ಮೇಲೆ ಎಷ್ಟು ಮೂಟೆ ಇತ್ತೋ?"

"ಮೂಟೆ ಮೇಲಿರ್ಲಿಲ್ಲ, ಪಕ್ಕದಲ್ಲಿತ್ತು," ಎಂದ ಇಸ್ಪೀಟಾಡುತ್ತಿದ್ದ ಒಬ್ಬ.

"ಯಾವ ವಾರ ನಡೆದಿದ್ದಪ್ಪಾ? ಗುರುವಾರವಾ?"

ನಗು ನಿಂತಿತು. ಎಲ್ಲರೂ ಎಲೆಗಳನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಗುರುವಾರ ಯಾರು ಒರೆಗಾನೊ ತರುತ್ತಾರೆಂಬುದು ಆ ಊರಿನ ಬೆಕ್ಕಿಗೂ ಗೊತ್ತಿತ್ತು.

"ಮರದಡಿ ನಿದ್ದೆ ಹೋಗಿದ್ದೆ," ಎಂದ ತಾನೊ. "ಎದ್ದಾಗ ಅಷ್ಟು ಹೊತ್ತಾಗಿತ್ತು. ಡೈರೆಕ್ಟರು ಗಡಿಯಾರ ಹೇಳಿದ್ದನ್ನೇ ಬರಿ ಅಂದ್ರು, ಬರೆದೆ."

ಮತ್ತೆ ನಗು ಎದ್ದಿತು. ಸಂಬಳ ತಗೊಂಡು ಗೊರಕೆ ಹೊಡೆಯುವ ಕಾವಲುಗಾರ! ತಾನೊ ಅವರೊಂದಿಗೆ ನಕ್ಕ. ಎದೆಯೊಳಗೆ ಒಂದು ಹೆಮ್ಮೆಯಿತ್ತು. ಹೆಣ್ಣಿನ ಹೆಸರನ್ನು ಚೌಕದಲ್ಲಿ ಬಾಯಿಗೆ ತರದವನೇ ಗಂಡಸು ಎಂದು ಅವನ ಅಪ್ಪ ನಂಬಿದ್ದ, ಅಜ್ಜ ನಂಬಿದ್ದ. ತಾನು ಸೋಮಾರಿಯೆನಿಸಿಕೊಂಡು ಅವಳನ್ನು ಉಳಿಸಿದೆ ಎಂದುಕೊಂಡ.

ಮೂರು ದಿನದ ನಂತರ, ಬೆಳಗಿನ ಒಂಬತ್ತರ ಹೊತ್ತಿಗೆ, ದೊನ್ನಾ ಫಿಲಿಪ್ಪಾ ಕಾವಲು ಮನೆಯ ಮುಂದೆ ಬಂದು ನಿಂತಳು. ಎಪ್ಪತ್ತರ ಮುದುಕಿ, ಕೈಯಲ್ಲಿ ಕೋಲು. ಬಂದದ್ದು ಊರ ಕಡೆಯಿಂದಲ್ಲ, ಎರಡನೇ ದಾರಿಯ ಕಡೆಯಿಂದ.

ತಾನೊ ಕುರ್ಚಿ ಹಾಕಿದ, ನೀರು ಕೊಟ್ಟ. ಅವಳು ನಿಧಾನಕ್ಕೆ ಕುಡಿದಳು.

"ಒಂದೂಮುಕ್ಕಾಲು ಗಂಟೆ," ಎಂದಳು. "ಈ ಮಂಡಿ ಇಟ್ಕೊಂಡು. ನಡುವೆ ಎರಡು ಸಲ ಕೂತೆ, ಒಂದು ಸಲ ಜಪ ಮಾಡ್ದೆ."

"ದೊನ್ನಾ ಫಿಲಿಪ್ಪಾ, ಬೋರ್ಡು ತಪ್ಪಾಗಿದೆ. ಬದಲಾಯಿಸ್ತಾರೆ."

"ಬೋರ್ಡಿನ ಮಾತು ಬಿಡು, ಮಗಾ. ಉಳಿದ ಒಂದೂವರೆ ಗಂಟೆ ಯಾರದ್ದು? ಅವತ್ತು ನಿನ್ನ ಜೊತೆ ಯಾರಿದ್ರು?"

"ಯಾರೂ ಇರ್ಲಿಲ್ಲ. ನಿದ್ದೆ ಬಂದಿತ್ತು."

ಮುದುಕಿ ಅವನ ಮುಖ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಬಾಗಿಲು ತಟ್ಟಿ ಕಾಯುವವರ ತಾಳ್ಮೆಯಿತ್ತು. ಅದನ್ನು ಅವನು ಬೇಹುಗಾರಿಕೆ ಎಂದು ತಿಳಿದ.

"ಯೋಚ್ನೆ ಮಾಡಿ ಹೇಳು. ಇನ್ನೊಂದ್ಸಲ ಇಷ್ಟು ದೂರ ಬರೋಕೆ ನನ್ನ ಕೈಲಾಗಲ್ಲ."

"ನಮ್ಮಮ್ಮನ ಆತ್ಮದ ಮೇಲೆ ಆಣೆ. ಒಬ್ಬನೇ ಇದ್ದೆ."

ಲೋಟ ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು. "ಹಾಗಿದ್ರೆ ಸರಿ," ಎಂದಳು ದೊನ್ನಾ ಫಿಲಿಪ್ಪಾ. ಎದ್ದು, ಹಿಂದೆ ನೋಡದೆ, ಊರ ಕಡೆ ಹೊರಟಳು.

ಗುರುವಾರ ವೆನೆರಾ ಚೀಲವಿಲ್ಲದೆ ಬಂದಳು.

"ನಿಮ್ಮತ್ತೆ ಬಂದಿದ್ರು," ಎಂದ ತಾನೊ, ಗೆಲುವಿನಿಂದ. "ಹೆದರ್ಬೇಡ. ಏನೂ ಬಿಟ್ಕೊಡ್ಲಿಲ್ಲ. ಆಣೆ ಮಾಡ್ಬಿಟ್ಟೆ."

"ಗೊತ್ತು."

ಅವಳು ಕಲ್ಲಿನ ಮೇಲೆ ಕೂತಳು. ಹೊಳೆಯನ್ನು ನೋಡುತ್ತ ಹೇಳಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಬೋರ್ಡಿನ ಮಾತು ಊರಲ್ಲಿ ಎದ್ದ ರಾತ್ರಿ ನಾನೇ ಅತ್ತೆಗೆ ಹೇಳ್ದೆ. ಅವತ್ತು ಅವನ ಜೊತೆ ಇದ್ದಿದ್ದು ನಾನು, ಅವನನ್ನ ಮದುವೆ ಆಗ್ತೀನಿ ಅಂತ. ತಲೆವಸ್ತ್ರ ತೆಗೆದು ಅವರ ಮುಂದಿಟ್ಟೆ. ಹೊಡೀತಾರೆ ಅಂದ್ಕೊಂಡಿದ್ದೆ. ಅವರು ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಚರ್ಚಿಗೆ ಹಾಕೋ ಚಪ್ಪಲಿ ಹಾಕ್ಕೊಂಡ್ರು. ಅವನಿಗೆ ತಾಯಿ ಇಲ್ಲ, ನಿನ್ನ ಕಡೆ ಮಾತಾಡೋ ಗಂಡಸರಿಲ್ಲ, ಸಂಬಂಧ ಯಾರು ಕೇಳ್ಬೇಕು? ನಾನೇ ಹೋಗ್ತೀನಿ ಅಂದ್ರು. ಆದ್ರೆ ಮೊದಲು ಅವನ ಬಾಯಿಂದ ಕೇಳ್ಬೇಕು, ನಿನ್ನ ಹೆಸರು ಹೇಳೋ ಧೈರ್ಯ ಇರೋನಿಗೇ ನಿನ್ನ ಕೊಡ್ತೀನಿ ಅಂದ್ರು."

ತಾನೊ ಎದುರಿನ ಕಲ್ಲಿನ ಮೇಲೆ ಕೂತ.

"ಎರಡು ಸಲ ಕೇಳಿದ್ರಂತೆ."

"ವೆನೆರಾ, ನಿನ್ನ ಮಾನ ಉಳಿಸೋಕೆ..."

"ಮನೆಗೆ ಬಂದು ಆ ವಸ್ತ್ರ ತಗೊಂಡು ತಮ್ಮ ಕೈಯಾರೆ ನನ್ನ ತಲೆಗೆ ಕಟ್ಟಿದ್ರು. 'ಅವನು ಒಬ್ಬನೇ ಇದ್ನಂತೆ ಕಣಮ್ಮ' ಅಂದ್ರು. ಬೈದಿದ್ರೆ ತಡ್ಕೋತಿದ್ದೆ, ತಾನೊ. ಅವರು ಅಯ್ಯೋ ಪಾಪ ಅಂದ್ರು. ಒಂಟಿತನಕ್ಕೆ ತಲೆ ಕೆಟ್ಟು ಇಲ್ಲದ ಗಂಡಸನ್ನ ಮನಸ್ಸಲ್ಲೇ ಕಟ್ಕೊಂಡಿದಾಳೆ ಅಂತ ನನ್ನ ತಲೆ ಸವರಿದ್ರು."

"ಈಗ್ಲೇ ಹೋಗೋಣ ಬಾ." ತಾನೊ ಎದ್ದು ನಿಂತ. "ಅವರ ಕಾಲಿಗೆ ಬೀಳ್ತೀನಿ. ಚೌಕದಲ್ಲಿ ನಿನ್ನ ಕೈ ಹಿಡ್ಕೊಂಡು ನಡೀತೀನಿ. ಎಲ್ಲರ ಎದುರು ಹೇಳ್ತೀನಿ."

ವೆನೆರಾ ಅವನು ಚಾಚಿದ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಎದ್ದುಹೋಯಿತು. ಆ ಹೊತ್ತಿನಲ್ಲಿ ತಾನೊಗೆ ಇನ್ನೂ ಆಸೆಯಿತ್ತು.

"ಹೇಳ್ತೀಯ," ಎಂದಳು ಕೊನೆಗೆ. "ಈಗ ನಾನು ಹೇಳ್ಕೊಟ್ಟೆ ಅಂತ ಹೇಳ್ತೀಯ. ಆಮೇಲೆ ಇಬ್ಬರೂ ಈ ದಾರೀಲಿ ನಡೆಯುವಾಗ ದೂರದಲ್ಲಿ ಯಾರಾದ್ರೂ ಬಂದ್ರೆ ನಾನು ನಿನ್ನ ಕೈಯನ್ನೇ ನೋಡ್ತಿರ್ತೀನಿ, ಬಿಡುತ್ತೋ ಏನೋ ಅಂತ. ಜೀವನವಿಡೀ ಹಾಗೆ ನೋಡ್ಕೊಂಡು ಬದುಕೋಕೆ ನನಗಾಗಲ್ಲ."

"ಒಂದು ತಪ್ಪಿಗೆ ಇಷ್ಟಾ?"

"ತಪ್ಪು ಅಂತ ನಿನಗೆ ಗೊತ್ತಾಗಿದ್ದು ಈಗ ತಾನೇ. ನಾನು ಬಂದಾಗ ನಗ್ತಿದ್ದೆ ನೀನು."

ವೆನೆರಾ ಎದ್ದು ಸೆರಗಿನಂತೆ ಇಳಿಬಿದ್ದಿದ್ದ ವಸ್ತ್ರದ ತುದಿಯನ್ನು ಕತ್ತಿಗೆ ಸುತ್ತಿಕೊಂಡಳು.

"ಜೆನೋವಾದಲ್ಲಿ ಅಕ್ಕ ಇದ್ದಾಳೆ. ದರ್ಜಿ ಅಂಗಡೀಲಿ ಕೆಲಸ ಕೊಡಿಸ್ತಾಳಂತೆ. ಶನಿವಾರದ ರೈಲು." ಸ್ವಲ್ಪ ತಡೆದಳು. "ಒಂದು ಮಾತು ನಡೆಸ್ಕೊಡು. ಇನ್ನು ಮೇಲೆ ನಿಜ ಹೇಳ್ಬೇಡ. ನಾನು ಹೋದ್ಮೇಲೆ ಹೇಳಿದ್ರೆ ನನ್ನದು ಓಡಿಹೋದ ಕಥೆ ಆಗುತ್ತೆ, ಅತ್ತೆ ಆ ಮಾತು ಕೇಳ್ಕೊಂಡು ಅದೇ ಊರಲ್ಲಿ ಸಾಯ್ಬೇಕು. ನಿದ್ದೆ ಬಂದಿತ್ತು ಅಂದೆಯಲ್ಲ, ಅದನ್ನೇ ಹೇಳ್ತಿರು."

"ವೆನೆರಾ."

ಈ ಸಲ ಅವನು ಅವಳ ಹೆಸರನ್ನು ಜೋರಾಗಿಯೇ ಕೂಗಿದ. ಕಣಿವೆಯ ಗೋಡೆಗಳು ಅದನ್ನು ಹಿಡಿದು ಒಂದೆರಡು ಸಲ ಆಚೀಚೆ ಎಸೆದಾಡಿದವು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವಳು ತಿರುವಿನಲ್ಲಿ ಒಂದು ಕ್ಷಣ ನಿಂತಂತೆ ಕಂಡಿತು. ಕಲ್ಲು ದಾಟಲು ನಿಂತಿದ್ದಳೋ ಏನೋ.

ಬೋರ್ಡು ಬದಲಾಯಿತು. ದೊನ್ನಾ ಫಿಲಿಪ್ಪಾ ಅದರ ಮುಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ತಾನೊನೂ ಇದ್ದ. ವೆನೆರಾ ಮಣ್ಣಿಗೆ ಬಂದಿದ್ದಳು, ಬೂದುಬಣ್ಣದ ಕೋಟಿನಲ್ಲಿ. ಎಲ್ಲರಿಗೂ ಮಾಡಿದಂತೆ ಅವನಿಗೂ ತಲೆಬಾಗಿದಳು. ಅವನೂ ತಲೆಬಾಗಿದ. ಸುತ್ತ ಊರೇ ನಿಂತಿತ್ತು.

ಕಾಫಿ ಅಂಗಡಿಯಲ್ಲಿ ಹಳೆಯ ಜೋಕು ಸಾಯಲಿಲ್ಲ. ವರ್ಷಗಳಾದರೂ, ಅವನು ಬಾಗಿಲಲ್ಲಿ ಕಂಡರೆ ಸಾಕು, ಬಾಸ್ತಿಯಾನೊ ಇಸ್ಪೀಟೆಲೆ ಕಲಸುತ್ತ ಕೇಳುತ್ತಾನೆ:

"ಏನೋ ತಾನೊ, ಹೇಗಿತ್ತೋ ಅವತ್ತಿನ ನಿದ್ದೆ?"

ಎಲ್ಲರೂ ಕಾಯುತ್ತಾರೆ. ತಾನೊ ಕುರ್ಚಿ ಎಳೆದು ಕೂರುತ್ತಾನೆ.

"ಚೆನ್ನಾಗಿತ್ತು, ಅಜ್ಜ," ಎನ್ನುತ್ತಾನೆ. "ಅಂಥ ನಿದ್ದೆ ಮತ್ತೆ ಬರ್ಲಿಲ್ಲ."

ಅವರು ನಗುತ್ತಾರೆ. ಅವನೂ ನಗುತ್ತಾನೆ.