ಅತ್ತೆ ಮಗಳ ಭಯ

"ಮದ್ವೆ ಬ್ಯಾಡ ಅಂತ ಹೇಳಿ ಕಳ್ಸಿದ್ದೀಯ. ರಕ್ತ ಮಾತ್ರ ಬೇಕಾ ನಿಂಗೆ? ತಗೋ!"

ಶಿವರಾಜ್ ಅಂಗಿಯ ತೋಳು ಮಡಿಸಿ, ಕೈಯನ್ನು ಮೇಜಿನ ಮೇಲೆ ಚಾಚಿಬಿಟ್ಟ.

ತುಮಕೂರಿನ ಆ ಲ್ಯಾಬಿನಲ್ಲಿ ಚರ್ಮರೋಗದ ಜೀನ್‌ಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ ಹರ್ಷಿತಾ. ಎಷ್ಟು ಜನರ ರಕ್ತ ತೆಗೆದಿದ್ದಳೋ! ಇವತ್ತು ಮಾತ್ರ ಸಿರಿಂಜ್ ಹಿಡಿಯಲು ಕೈ ಬರುತ್ತಿಲ್ಲ.

ಬರುವುದಾದರೂ ಹೇಗೆ? ಎದುರಿಗಿದ್ದವನು ಸೋದರಮಾವನ ಮಗ. ಇವಳು ಲಂಗ ಹಾಕುತ್ತಿದ್ದ ಕಾಲದಿಂದಲೂ ಚೇಳೂರಿನ ಮನೆಯಲ್ಲಿ "ಹರ್ಷಿ ನಮ್ಮ ಶಿವೂಗೇ" ಎಂದು ಹೇಳಿಕೊಂಡು ಬಂದ ಸಂಬಂಧ. ಅವನಿಗೆ ಇವಳೆಂದರೆ ಪ್ರಾಣ. ಇವಳಿಗೋ... ಕೇಳಲೇಬೇಡಿ!

"ಬಾವ, ಅದು... ರಿಸರ್ಚ್‌ಗೆ ಅಷ್ಟೇ."

"ಓಹೋ! ಕುಣಿಗಲ್‌ನ ದನದ ಡಾಕ್ಟ್ರು ಗಂಡ ಆಗೋಕೆ ಲಾಯಕ್ಕಿಲ್ಲ, ರಿಸರ್ಚ್‌ಗೆ ಆಗ್ತಾನೆ. ಇವ್ರೇನಾ ಕಾರಣ?"

ಅವನ ಕಣ್ಣು ಪಕ್ಕದಲ್ಲಿ ನಿಂತಿದ್ದ ಅವಳ ಸಹೋದ್ಯೋಗಿ ಶಮಂತ್ ಮೇಲಿತ್ತು.

'ಅಲ್ಲ ಬಾವಾ!' ಎಂದು ಕೂಗಬೇಕೆನಿಸಿತು. ಕೂಗಿದರೆ ನಿಜವಾದ ಕಾರಣ ಹೇಳಬೇಕಿತ್ತು. ಕೊನೆಗೆ ಶಮಂತನೇ ರಕ್ತ ತೆಗೆದ. ಶಿವರಾಜ್ ತಿರುಗಿಯೂ ನೋಡದೆ ಹೊರಟುಹೋದ.

ಅವಳ ಭಯಕ್ಕೆ ಒಂದು ಹೆಸರಿತ್ತು. ಕಿಟ್ಟಿ, ಅವಳ ತಮ್ಮ. ಎತ್ತಿಕೊಂಡರೆ ಸಾಕು, ಚರ್ಮ ಬೊಬ್ಬೆಯೆದ್ದು ಕಿತ್ತುಬರುತ್ತಿತ್ತು. ಅಮ್ಮ ಸಿದ್ದಗಂಗಮ್ಮ ಆ ಕೂಸನ್ನು ಬಾಳೆ ಎಲೆಯ ಮೇಲೆ ಮಲಗಿಸಿಯೇ ಹಾಲು ಕುಡಿಸುತ್ತಿದ್ದಳು. ವರ್ಷ ತುಂಬಲಿಲ್ಲ. ನಾಗದೋಷ ಅಂದರು ಊರವರು. ಅಮ್ಮ ಇವತ್ತಿಗೂ ನಾಗರಕಲ್ಲಿಗೆ ಹಾಲೆರೆಯುತ್ತಾಳೆ.

ದೋಷ ನಾಗಪ್ಪನದಲ್ಲ ಎಂಬುದನ್ನು ಹರ್ಷಿತಾ ತನ್ನದೇ ರಕ್ತದಲ್ಲಿ ಕಂಡುಕೊಂಡಿದ್ದಳು. ಕೆಟ್ಟುಹೋದ ಒಂದು ಜೀನ್. ಒಬ್ಬರಲ್ಲಿದ್ದರೆ ಏನೂ ಆಗದು. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಿನಲ್ಲೂ ಮಗು ಕಿಟ್ಟಿಯಂತಾಗುವ ಸಾಧ್ಯತೆ ನಾಲ್ಕರಲ್ಲೊಂದು. ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಬಾವನ ಮೈಯಲ್ಲೂ ಹರಿಯುವುದು ಅದೇ ಮನೆತನದ ರಕ್ತ!

'ನಿಜ ಹೇಳಿದ್ರೆ ಅಮ್ಮ ಏನಾಗ್ತಾಳೆ? ನನ್ನ ಮದ್ವೆನೇ ನನ್ನ ಮಗನ್ನ ತಿಂತು ಅಂದ್ಕೊಳ್ಳಲ್ವಾ?'

ಅದಕ್ಕೇ ಕಾರಣ ಹೇಳದೆ, ಮದುವೆ ಬೇಡವೆಂದಷ್ಟೇ ಹೇಳಿ ಕಳಿಸಿದ್ದಳು ಪೆದ್ದಿ.

ರಿಸಲ್ಟ್ ಬರುವವರೆಗೂ ಅವಳಿಗೆ ಅನ್ನ ಸೇರಲಿಲ್ಲ.

ಒಂದು ಬೆಳಿಗ್ಗೆ ಶಮಂತ್ ಮೆಲ್ಲಗೆ ಅಂದ, "ಹರ್ಷಿತಾ... ಕೂತ್ಕೊಳ್ಳಿ."

ಅಷ್ಟೇ ಸಾಕಾಯಿತು. ಬಾವನಲ್ಲೂ ಇತ್ತು!

"ಹೋಗಿ ಹೇಳಿ. ಅವರ ರಕ್ತದ ವಿಷ್ಯ ಅವರಿಗೇ ಗೊತ್ತಿಲ್ಲ ಅಂದ್ರೆ ಹೇಗೆ?"

ಅವತ್ತೇ ಕುಣಿಗಲ್ ಬಸ್ಸು ಹತ್ತಿದಳು. ಪಶು ಆಸ್ಪತ್ರೆಯ ಗೇಟಿಗೇ ಬಾವನ ದನಿ ಕೇಳಿಸಿತು. ರೈತನೊಬ್ಬನಿಗೆ ಬೈಯುತ್ತಿದ್ದ.

"ಅದೇ ಹೋರೀನ ಅದ್ರ ಮಗ್ಳಿಗೇ ಬಿಡ್ಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ಗಂಗಹನುಮಯ್ಯ? ಕರು ಊನ ಆಗ್ತದೆ ಕಣಯ್ಯ!"

ಹರ್ಷಿತಾ ಅಲ್ಲೇ ಬಿಕ್ಕಿ ಅತ್ತುಬಿಟ್ಟಳು.

"ನಮ್ಮನೇಲೂ ಅದೇ ಆಗಿದ್ದು ಬಾವ..."

ಗಂಗಹನುಮಯ್ಯ ಮೆಲ್ಲಗೆ ಹಸು ಹಿಡಿದುಕೊಂಡು ಆಚೆ ಹೋದ. ಅವಳು ಒಂದೂ ಬಿಡದೆ ಹೇಳಿದಳು. ಕಿಟ್ಟಿ, ಅಮ್ಮ, ತನ್ನ ರಕ್ತ, ಅವನ ರಕ್ತ...

ಶಿವರಾಜ್ ಮುಖ ಬಿಳಿಚಿಕೊಂಡಿತು.

"ಊರಿಗೆಲ್ಲಾ ಬುದ್ಧಿ ಹೇಳ್ತೀನಿ. ನಮ್ಮನೆ ವಿಷ್ಯ ತಲೆಗೇ ಬರ್ಲಿಲ್ವಲ್ಲೇ!"

"ಬೇರೆ ಹುಡುಗೀನ ಮದ್ವೆ ಆಗು ಬಾವ. ನಿನ್ನ ಮಕ್ಳು ಚೆನ್ನಾಗಿರ್ತವೆ."

"ನೀನು? ಆ ಶಮಂತ್‌ನ..."

"ಅಯ್ಯೋ, ಅವ್ರಿಗೆ ಹೆಂಡ್ತಿ ಇದಾರೆ!" ಅವಳಿಗೆ ರೇಗಿಹೋಯಿತು. "ನಂಗೆ ನಿನ್ನ ಬಿಟ್ರೆ ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ!"

ಬಾಯಿ ಜಾರಿತ್ತು. ಅವನು ಹತ್ತಿರ ಬಂದ.

"ಬಸಿರಲ್ಲೇ ಪರೀಕ್ಷೆ ಮಾಡ್ಬೋದಲ್ವಾ?"

"ಮಾಡ್ಬೋದು. ಇದೆ ಅಂತ ಬಂದ್ರೆ?"

"ಗೊತ್ತಿಲ್ಲ ಹರ್ಷಿ. ಮಕ್ಳೇ ಬ್ಯಾಡ ಅನ್ನಿಸಿದ್ರೆ ಒಂದು ಕೂಸನ್ನ ತಂದು ಸಾಕಣ. ಆದ್ರೆ ನೀನಿಲ್ದೇ ಆಗಲ್ಲ."

"ಅಮ್ಮಂಗೆ ಹೆಂಗೆ ಹೇಳೋದು?"

"ಅತ್ತೆ ತಪ್ಪಲ್ಲ ಅಂತ ಮೊದ್ಲು ಹೇಳಣ. ಆಮೇಲೆ ಮಿಕ್ಕಿದ್ದು. ನಾನೂ ಪಕ್ಕದಲ್ಲೇ ಕೂತಿರ್ತೀನಿ."

ಅವಳು ಅವನ ಕೈ ಹಿಡಿದುಕೊಂಡಳು. ತಣ್ಣಗಿತ್ತು ಆ ಕೈ.

"ನಿಂಗೂ ಭಯ ಆಗ್ತಿದ್ಯಾ ಬಾವ?"

"ಹೂಂ ಕಣೇ. ತುಂಬಾ."

"ಮತ್ತೆ?"

"ಇಷ್ಟು ದಿನ ಒಬ್ಳೇ ಹೆದರ್ಕೊಂಡಿದ್ದು ಸಾಕು. ಇನ್ಮೇಲೆ ಇಬ್ರೂ ಹೆದ್ರಣ."