ಎರಡು ಸಲ ತೊಳೆದ ಬಟ್ಟಲು

ಬಟ್ಟಲು ಇರಲಿಲ್ಲ!

ಅಮೂಲ್ಯಾ ತನ್ನ ಕೈಯಾರೆ ತೊಳೆದು ಬಿಳಿ ಬಟ್ಟೆಯ ಮೇಲೆ ಇಟ್ಟು ಹೋಗಿದ್ದ ಜಾಗದಲ್ಲಿ ಒಂದು ಒದ್ದೆ ಉಂಗುರ ಮಾತ್ರ ಉಳಿದಿತ್ತು. ಹೂಗಳನ್ನು ಹಿಡಿದುಕೊಂಡೇ ಅವಳು ಸುತ್ತ ಕಣ್ಣಾಡಿಸಿದಳು. ಸೆನ್ಸೇ ತೆಗೆದಿಟ್ಟರೇ? ಇಲ್ಲ — ಅವರು ಅವಳ ಹಿಂದೆಯೇ ಅಂಗಳದಿಂದ ಬರುತ್ತಿದ್ದರು.

"ಬಟ್ಟಲೆಲ್ಲಿ?" ಎಂದರು ಕಿಮುರಾ ಸೆನ್ಸೇ, ಇಂಗ್ಲಿಷಿನಲ್ಲಿ.

ಸೆನ್ಸೇ ಎಂದರೆ ಗುರು. ಎಂಬತ್ತು ದಾಟಿದ ಈ ಜಪಾನೀ ಮುದುಕಿ ಅಮೆರಿಕದ ಕ್ಯಾರಲ್ಟನ್ನಿನ ತಮ್ಮ ಮನೆಯ ಗರಾಜಿಗೆ ಚಾಪೆ ಹಾಸಿ, ಅದನ್ನೇ ಚಹಾ ಕೋಣೆ ಮಾಡಿಕೊಂಡಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಜಪಾನೀ ಕ್ರಮದಲ್ಲಿ ಚಹಾ ಮಾಡಿ ಕುಡಿಯುವ ವಿಧಿಯ ಪಾಠ. ಆ ಕಪ್ಪು ಬಟ್ಟಲು ಅವರ ಅಜ್ಜಿಯದು, ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಇವತ್ತು ಬಂದದ್ದು ಅಮೂಲ್ಯಾಗಾಗಿ. ಕ್ಯೋಟೋದ ಚಹಾ ಶಾಲೆಯಲ್ಲಿ ಅವಳಿಗೆ ಒಂದು ವರ್ಷದ ಸೀಟು ಸಿಕ್ಕಿತ್ತು.

"ಎಲ್ಲರ ಬ್ಯಾಗೂ ನೋಡಿಬಿಡೋಣ. ನನ್ನದೇ ಮೊದಲು," ಎಂದರು ಪಕ್ಕದ ಊರು ಅಲೆನ್ನಿನಿಂದ ಪಾಠಕ್ಕೆ ಬರುವ ರಾಮಮೂರ್ತಿ. ಐವತ್ತರ ಆಸುಪಾಸು, ಸಾಫ್ಟ್‌ವೇರ್ ಕಂಪನಿಯೊಂದರ ಡೈರೆಕ್ಟರು.

ಬಟ್ಟಲು ಸಿಕ್ಕಿತು — ಅಮೂಲ್ಯಾಳ ಬ್ಯಾಗಿನಲ್ಲಿ. ಅವಳದೇ ಸ್ವೆಟರಿನಲ್ಲಿ ಸುತ್ತಿತ್ತು. ಅಂಚಿನಿಂದ ತಳದವರೆಗೆ ಬಿರುಕು!

ಸೆನ್ಸೇ ಮೊಣಕಾಲೂರಿ ಕುಳಿತು, ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಅವರು ಬೈದಿದ್ದರೂ ಅಮೂಲ್ಯಾಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅಯ್ಯೋ, ಒಡೆದೋಯ್ತು ಅಂತ ಹೇಳಿದ್ರೆ ಆಗ್ತಿತ್ತಲ್ಲ ಕಣೆ! ಬಚ್ಚಿಡೋದ್ಯಾಕೆ?" ಎಂದಳು ಫ್ರಿಸ್ಕೋದಿಂದ ಪಾಠಕ್ಕೆ ಬರುವ ಉಷಾರಾಣಿ.

"ನಾನು ಇಟ್ಟಿಲ್ಲ ಆಂಟಿ!"

"ಮತ್ತೆ ಬಟ್ಟಲಿಗೆ ಕಾಲು ಬಂತಾ?" ರಾಮಮೂರ್ತಿ ಆಗಲೇ ಫೋನು ತೆಗೆದಿದ್ದರು. "ಸಂಸ್ಕಾರ ಅನ್ನೋದು ಕ್ಲಾಸಿಗೆ ಬಂದು ಕಲಿಯೋ ಐಟಂ ಅಲ್ಲಮ್ಮ. ಪೊಲೀಸಿಗೆ ಹೇಳ್ಲೇಬೇಕು. ನಾಳೆ ಕನ್ನಡದವರೆಲ್ಲ ಕಳ್ಳರು ಅಂತಾರೆ."

ಅಮೂಲ್ಯಾ ಆ ಫೋನಿನತ್ತ ನೋಡಿದಳು. ಪೊಲೀಸ್ ದೂರು ಒಂದಾದರೆ ಸಾಕು — ಕ್ಯೋಟೋ ಹೋಯಿತು, ವಿದ್ಯಾರ್ಥಿ ವೀಸಾ ಹೋಯಿತು, ಇಲ್ಲಿನ ಎರಡು ವರ್ಷದ ಓದು ನೀರಲ್ಲಿ ಹೋಮ.

"ಫೋನ್ ಆಮ್ಯಾಲ ಮಾಡ್ರೀ ಸರ. ಏನಾತು ಅಂತ ಮೊದಲ ನನಗ ತಿಳಿಸಿ ಹೇಳ್ರಿ."

ಬಾಗಿಲಲ್ಲಿ ನಿಂತಿದ್ದವಳು ರಾಜಲಕ್ಷ್ಮಿ. ಗೆಳತಿ ಉಷಾರಾಣಿಯನ್ನು ಮನೆಗೆ ಕರೆದೊಯ್ಯಲು ಆಗಷ್ಟೇ ಬಂದಿದ್ದಳು. ಹುಬ್ಬಳ್ಳಿಯವಳು, ಇನ್ಶೂರೆನ್ಸ್ ತನಿಖೆ ಅವಳ ಕೆಲಸ. ಮೊನ್ನೆ ಆಸ್ಟಿನ್ನಿನಲ್ಲಿ ಸುಟ್ಟ ಅಂಗಡಿ, ನಿನ್ನೆ ಹ್ಯೂಸ್ಟನ್ನಿನಲ್ಲಿ ಸುಟ್ಟ ಗೋಡೌನು. ಬೆಂಕಿ ತಾನಾಗಿ ಬಿತ್ತೋ, ಯಾರಾದರೂ ಇಟ್ಟರೋ ಎಂದು ಬೂದಿ ಕೆದಕಿ ಹೇಳುವವಳು.

"ಇದು ನಿಮ್ಮ ಕೇಸ್ ಅಲ್ಲ ಮೇಡಂ," ಎಂದರು ರಾಮಮೂರ್ತಿ.

"ಹೌದ್ರೀ. ನಿಮ್ಮದೂ ಅಲ್ಲ. ಬಟ್ಟಲು ಅಮ್ಮಾರದು." ರಾಜಲಕ್ಷ್ಮಿ ಸೆನ್ಸೇ ಎದುರು ಕುಳಿತು, ಇಂಗ್ಲಿಷಿನಲ್ಲಿ ಅಪ್ಪಣೆ ಕೇಳಿ, ಬಟ್ಟಲನ್ನು ತೆಗೆದುಕೊಂಡಳು. ಬಿರುಕನ್ನು ನೋಡಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಅವಳ ಹುಬ್ಬು ಏರಿತು.

"ಇದನ್ನ ತೊಳದವರು ಯಾರು?"

"ನಾನೇ," ಎಂದಳು ಅಮೂಲ್ಯಾ. "ಮೊದಲ ಸುತ್ತು ಮುಗಿದ ಮೇಲೆ. ಎರಡನೇ ಸುತ್ತಿಗೂ ಇದೇ ಬಟ್ಟಲು. ತೊಳೆದಿಟ್ಟು ಸೆನ್ಸೇ ಜೊತೆ ಹೂವು ಕೊಯ್ಯೋಕೆ ಹೋದೆ."

"ಯಾವುದರಲ್ಲಿ ತೊಳದಿ?"

"ಬಿಸಿನೀರಲ್ಲಿ."

"ಬರೇ ನೀರು?"

"ಬರೀ ನೀರೇ! ಅರೆಬೆಂದ ಮಣ್ಣು ಮೇಡಂ ಇದು, ಏನು ಹಾಕಿದ್ರೂ ಕುಡಿದುಬಿಡುತ್ತೆ. ಸೋಪು ಮುಟ್ಟಿಸಬಾರದು. ಇಲ್ಲಿ ಮೊದಲನೇ ದಿನ ಹೇಳ್ಕೊಡೋ ಪಾಠವೇ ಅದು. ಗರಾಜಿನ ಈ ತೊಟ್ಟಿ ಹತ್ರ ಸೋಪು ಇಡೋದೇ ಇಲ್ಲ."

"ಹಂಗಾರ ಎಲ್ಲೈತಿ?"

"ಒಳಗೆ. ಅಡುಗೆಮನೇಲಿ."

ರಾಜಲಕ್ಷ್ಮಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. "ನೀನು ಹೂವಿಗೆ ಹೋದಾಗ ಉಳಿದವರು ಎಲ್ಲಿದ್ರು?"

"ನಾನು ಹೊರಗೆ ರಸ್ತೇಲಿ ಮಗಳ ಜೊತೆ ಫೋನಲ್ಲಿದ್ದೆ," ಎಂದಳು ಉಷಾರಾಣಿ.

"ನಾನು ರೆಸ್ಟ್‌ರೂಮಿಗೆ ಹೋಗಿದ್ದೆ. ಅದಕ್ಕೂ ಸಾಕ್ಷಿ ಬೇಕಾ?" ಎಂದರು ರಾಮಮೂರ್ತಿ.

ನಾಲ್ಕನೆಯವನು ಅನೂಪ್, ಪ್ಲೇನೋದಲ್ಲಿ ಕೋಡು ಬರೆಯುವ ಹುಡುಗ. ಕೂದಲಿಗೆ ನೀಲಿ ಬಣ್ಣ, ಜಪಾನೀ ಕಾರ್ಟೂನು ನೋಡಿ ನೋಡಿಯೇ ಭಾಷೆ ಕಲಿತವನು. "ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ ಅಕ್ಕಾ. ಹೊಟ್ಟೆ ಸರಿ ಇರ್ಲಿಲ್ಲ."

"ಯಾಕೋ ತಮ್ಮಾ, ಏನು ತಿಂದಿ?"

"ತಿಂದದ್ದಲ್ಲ, ಕುಡಿದದ್ದು! ಇವತ್ತಿಂದು ಹಸಿರು ಪುಡಿಯ ಗಟ್ಟಿ ಚಹಾ. ಒಂದೇ ಬಟ್ಟಲು, ನಾಲ್ಕೂ ಜನ ಅದರಲ್ಲೇ ಸರದಿ ಪ್ರಕಾರ ಕುಡೀಬೇಕು. ಕೊನೆಯವನು ಪೂರ್ತಿ ಖಾಲಿ ಮಾಡ್ಬೇಕು. ನನ್ನ ಕೈಗೆ ಬಂದಾಗ ಅರ್ಧ ಬಟ್ಟಲು ಹಾಗೇ ಇತ್ತು. ಹಾಗಲಕಾಯಿ ಅರೆದು ಕುಡಿಸಿದ ಹಾಗಾಯ್ತು."

"ಸರದಿ ಹೆಂಗಿತ್ತು?"

"ಮೊದಲು ಅಮೂಲ್ಯಾ, ಆಮೇಲೆ ರಾಮಮೂರ್ತಿ ಅಂಕಲ್, ಉಷಾ ಆಂಟಿ, ನಾನು."

"ಯಾವಾಗ್ಲೂ ಹಂಗೇನು?"

"ಇಲ್ಲ," ಎಂದಳು ಅಮೂಲ್ಯಾ. "ಯಾವಾಗ್ಲೂ ರಾಮಮೂರ್ತಿ ಅಂಕಲ್ಲೇ ಮೊದಲು. ಇವತ್ತು ಸೆನ್ಸೇ ನನ್ನನ್ನ ಮೊದಲ ಅತಿಥಿ ಮಾಡಿದ್ರು. ಎರಡನೇ ಸುತ್ತಲ್ಲಿ ಮತ್ತೆ ಅಂಕಲ್ ಮೊದಲು ಕುಡೀಬೇಕಿತ್ತು."

"ಕ್ಲಾಸಿಗೆ ಹೆಂಗ ಬಂದಿ?"

"ಅಂಕಲ್ಲೇ ರೈಡ್ ಕೊಟ್ರು. ಮೊದಲನೇ ಸಲ."

"ದಾರ್ಯಾಗ ಏನು ಮಾತಾಡಿದ್ರಿ?"

ಅಮೂಲ್ಯಾ ರಾಮಮೂರ್ತಿಯತ್ತ ನೋಡಿದಳು. ಹೆದ್ದಾರಿಗೆ ಇಳಿಯುವ ಮೊದಲೇ ಶುರುವಾಗಿತ್ತು — ಯಾವ ಊರಮ್ಮ? ಅಪ್ಪ ಏನ್ಮಾಡ್ತಾರೆ? ಊರೊಳಗೆ ಮನೆ ಯಾವ ಕಡೆ? ಏಳು ಸಮುದ್ರ ದಾಟಿದರೂ ಕಸ್ಟಮ್ಸಿನವರ ಕೈಗೆ ಸಿಗದೆ ಬರುವ ಸರಕು ಅದೊಂದೇ. ಅವಳು ಮುಚ್ಚಿಡಲಿಲ್ಲ. ಮುಚ್ಚಿಡಬಾರದೆಂದು ಅವಳಪ್ಪ ಕಲಿಸಿದ್ದ. ಹೇಳಿದ ಮೇಲೆ ರಾಮಮೂರ್ತಿ ರೇಡಿಯೋ ಜೋರು ಮಾಡಿದ್ದರು.

"ನನ್ನ ಜಾತಿ ಕೇಳಿದ್ರು. ಹೇಳ್ದೆ."

"ಏನಮ್ಮಾ ಇದು? ಊರಿನ ಕಡೆಯವರು ಅಂತ ವಿಚಾರಿಸಿದ್ದು ತಪ್ಪಾ?" ರಾಮಮೂರ್ತಿಯ ದನಿ ಏರಿತು.

ರಾಜಲಕ್ಷ್ಮಿ ಅವರತ್ತ ತಿರುಗಲಿಲ್ಲ. "ಕುಡದಾದ ಮ್ಯಾಲ ಅಂಚು ಒರಸ್ತೀರೇನು?"

"ಹ್ಞೂಂ. ತುಟಿ ತಾಗಿದ ಜಾಗಾನ ಕಾಗದದಲ್ಲಿ ಒರೆಸಿ ಮುಂದಿನವರಿಗೆ ಕೊಡ್ಬೇಕು," ಎಂದಳು ಅಮೂಲ್ಯಾ. "ಆ ಕಾಗದ ಇಲ್ಲಿ ಬಿಸಾಡೋ ಹಾಗಿಲ್ಲ. ಮಡಿಸಿ ಜೇಬಲ್ಲಿ ಇಟ್ಕೊಂಡು ಮನೆಗೇ ಒಯ್ಯಬೇಕು."

"ಎಲ್ಲಾರೂ ತಗೀರಿ ನೋಡೋಣು."

ಅಮೂಲ್ಯಾ ತೆಗೆದಳು. ಹಸಿರು ಕಲೆ. ಉಷಾರಾಣಿ ಪರ್ಸಿನಿಂದ ತೆಗೆದಳು. ಹಸಿರು. ಅನೂಪನದು ಹಸಿರಿನ ಮುದ್ದೆಯೇ ಆಗಿತ್ತು.

ರಾಮಮೂರ್ತಿ ಕೈಕಟ್ಟಿ ನಿಂತಿದ್ದರು.

"ಅಂಕಲ್," ಎಂದ ಅನೂಪ್, "ಜೇಬಲ್ಲಿ ಕಾಣ್ತಿದೆ."

ಅವನೇ ಎಳೆದು ಬಿಡಿಸಿದ. ಎರಡು ಮಡಿಕೆ ಬಿದ್ದ ಕಾಗದ — ಅಚ್ಚ ಬಿಳಿ! ಒಂದು ಹನಿಯೂ ಸೋಕಿರಲಿಲ್ಲ.

"ನೀವು ಕುಡೀಲೇ ಇಲ್ಲ," ಎಂದಳು ರಾಜಲಕ್ಷ್ಮಿ. "ಬಟ್ಟಲು ಎತ್ತಿ ಕುಡದಂಗ ಮಾಡಿ ಆ ಕಡಿ ದಾಟಿಸಿದ್ರಿ. ಅದಕ್ಕ ಈ ತಮ್ಮನ ಪಾಲಿಗೆ ಅಷ್ಟು ಬಂತು. ಮೊದಲ ಸುತ್ತು ಹೆಂಗೋ ಪಾರಾದ್ರಿ. ಆದ್ರ ಎರಡನೇ ಸುತ್ತಿನ್ಯಾಗ ನೀವ ಮೊದಲು, ಸೆನ್ಸೇ ಕಣ್ಣು ನಿಮ್ಮ ಮ್ಯಾಲ. ತಪ್ಪಿಸಿಕೊಳ್ಳಾಕ ಬರೂದಿಲ್ಲ. ಎಲ್ಲಾರೂ ಬಿರುಕು ನೋಡಿದ್ರಿ, ಯಾರೂ ಬಟ್ಟಲು ಮೂಸಿ ನೋಡ್ಲಿಲ್ಲ. ಲಿಂಬಿಹಣ್ಣಿನ ಸೋಪು ಘಮ್ ಅಂತೈತಿ. ಒಮ್ಮೆ ತೊಳದ ಬಟ್ಟಲನ್ನ ಮತ್ತ ಯಾರು ತೊಳೀತಾರ? ಸೋಪು ಹಚ್ಚಬಾರದು ಅಂತ ಗೊತ್ತಿದ್ದೂ ಯಾರು ಹಚ್ತಾರ? ಈ ಹುಡುಗಿ ಬಾಯಿ ಹಚ್ಚಿದ್ದಕ್ಕ ಬರೇ ನೀರು ಸಾಲೂದಿಲ್ಲ ಅನ್ನಾವ್ರು."

"ಸುಳ್ಳು!"

"ಅಡಗಿಮನಿ ತೊಟ್ಟಿಗೆ ತಾಗಿ ಒಡೀತೋ, ಬೇಕಂತ ಒಡದ್ರೋ?"

"ಬೇಕು ಅಂತ ಯಾಕೆ ಒಡೀಲಿ ನಾನು? ಸೋಪಿನ ಕೈ, ಜಾರ್ತು!"

ಬಾಯಿಂದ ಹೊರಬಿದ್ದದ್ದು ಏನೆಂದು ರಾಮಮೂರ್ತಿಗೂ ತಿಳಿಯಿತು. ಅವರು ಚಾಪೆಯ ಅಂಚು ನೋಡುತ್ತ ನಿಂತರು.

"ಥೂ," ಎಂದಳು ಉಷಾರಾಣಿ. ಅಮೂಲ್ಯಾಳ ಮುಖವನ್ನು ನೋಡಲು ಅವಳಿಗೂ ಆಗಲಿಲ್ಲ.

ಇಷ್ಟೂ ಹೊತ್ತು ಕನ್ನಡ ಅರ್ಥವಾಗದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ ಸೆನ್ಸೇ ಬಟ್ಟಲನ್ನು ಎತ್ತಿಕೊಂಡು ಮೂಸಿದರು. ಆ ಬಿಳಿ ಕಾಗದವನ್ನೂ ನೋಡಿದರು.

"ಸೋಪು ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಾನು ಬೇಡ ಎಂದು ಕಲಿಸಿದ್ದೆನಲ್ಲ?"

ರಾಮಮೂರ್ತಿ ಅಮೂಲ್ಯಾಳ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮಾ, ಒಡೆದದ್ದು ನಾನು ಅಂತ ಒಪ್ಕೋತೀನಿ. ನಿನ್ನ ಮೇಲೆ ಏನೂ ಇರಲ್ಲ, ಆರಾಮಾಗಿ ಕ್ಯೋಟೋಗೆ ಹೋಗು. ಆದರೆ ಆ ವಿಷಯ ಇವರಿಗೆ ಹೇಳ್ಬೇಡ. ಹೊರಗಿನವರ ಮುಂದೆ ನಮ್ಮ ಮರ್ಯಾದೆ ಏನಾಗುತ್ತೆ?"

"ನಮ್ಮ ಅಂದ್ರೆ ಯಾರದು ಅಂಕಲ್?"

ಅಮೂಲ್ಯಾ ಸೆನ್ಸೇ ಎದುರು ಹೋಗಿ, ಮೊಣಕಾಲೂರಿ ಕುಳಿತು, ಇಂಗ್ಲಿಷಿನಲ್ಲಿ ಆರಂಭಿಸಿದಳು: "ನಮ್ಮೂರ ಹೋಟೆಲಿನಲ್ಲಿ ನನ್ನಜ್ಜಿಗೆಂದು ಒಂದು ಬೇರೆ ಲೋಟ ಇತ್ತು. ಹೊರಗಡೆ, ಮಾಡಿಗೆ ಸಿಕ್ಕಿಸಿರುತ್ತಿದ್ದರು."

ಮುದುಕಿಯ ಬೆರಳು ಬಟ್ಟಲಿನ ಮೇಲೆ ನಿಂತಿತು. "ನಮ್ಮ ದೇಶದಲ್ಲೂ ಕೆಲವರನ್ನು ಹಾಗೆಯೇ ಹೊರಗಿಟ್ಟಿದ್ದೇವೆ," ಎಂದರು. "ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳು, ಕೇಳುತ್ತೇನೆ."

ರಾಮಮೂರ್ತಿ ಶೂ ಹುಡುಕುತ್ತ ಬಾಗಿಲ ಕಡೆ ಸರಿದರು. ಅಲ್ಲಿ ರಾಜಲಕ್ಷ್ಮಿ ನಿಂತಿದ್ದಳು.

ಅಮೂಲ್ಯಾ ತಿರುಗಿ ನೋಡದೆಯೇ ಹೇಳಿದಳು:

"ಕೂತ್ಕೊಳ್ಳಿ ಅಂಕಲ್. ಪೂರ್ತಿ ಕೇಳಿಸ್ಕೊಂಡು ಹೋಗಿ."