ಕಾಣೆಯಾದ ಒಂದು ಮೀಟರ್

"ಬಲಕ್ಕೆ! ಇನ್ನೂ ಬಲಕ್ಕೆ...! ಅಯ್ಯೋ, ನೇರ ಹಿಡಿಯೇ ಮಾರಾಯ್ತಿ!"

ಹಳ್ಳದ ಆಚೆ ದಡದಿಂದ ಬಂದ ಆ ಕೂಗಿಗೆ ಪ್ರಣಿತಾಳ ಮೈಯೆಲ್ಲ ಉರಿದುಹೋಯಿತು. ಉರಿಯಲು ಇನ್ನೊಂದು ಕಾರಣವೂ ಇತ್ತೆನ್ನಿ. ಅವಳು ನಿಂತಿದ್ದ ಗೇರುಮರದ ಬುಡದಿಂದ ಕೆಂಪು ಚಗಳಿ ಇರುವೆಗಳು ಸಾಲುಗಟ್ಟಿ ಅವಳ ಕಾಲು ಹತ್ತುತ್ತಿದ್ದವು.

ಕೈಯಲ್ಲಿ ಅವಳಿಗಿಂತ ಎಷ್ಟೋ ಎತ್ತರದ ಅಳತೆ ಕೋಲು. ಸಿವಿಲ್ ಇಂಜಿನಿಯರಿಂಗ್ ಹುಡುಗರು ಅದಕ್ಕೆ ಸ್ಟಾಫ್ ಅನ್ನುತ್ತಾರೆ. ಅದನ್ನು ಹಿಡಿದವರು ಕಂಬದ ಹಾಗೆ ನಿಲ್ಲಬೇಕು. ಕಾಲು ಕೆರೆಯುವಂತಿಲ್ಲ, ಓಡುವಂತಿಲ್ಲ!

"ಇಲ್ಲಿ ನನ್ನ ಜೀವ ಹೋಗ್ತಾ ಇದೆ! ನಿಂಗೆ ಎಡ ಬಲದ ಚಿಂತೆ!" ಎಂದು ಕಿರುಚಿದಳು.

ಆಚೆ ದಡದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ದುರ್ಬೀನಿಗೆ ಕಣ್ಣಿಟ್ಟಿದ್ದ ಸುದರ್ಶನ ತಲೆ ಎತ್ತಿದ. ಎರಡೂ ಕೈ ಮೇಲೆತ್ತಿ 'ಆತು' ಎಂದು ಸನ್ನೆ ಮಾಡಿದ. ಅಳತೆ ಸಿಕ್ಕಿತು ಎಂದರ್ಥ.

ಕೋಲು ಬಿಸಾಡಿ ಪ್ರಣಿತಾ ಕುಣಿದ ಕುಣಿತ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

'ನಗ್ತಾನೆ! ಎಷ್ಟು ಜಂಬ ಇವನಿಗೆ...!'

ಹಳ್ಳ ದಾಟಿ ಓಡಿಬಂದವನು ಅವಳ ಪಾದ ನೋಡಿದ್ದೇ ತಡ, ನಗು ನಿಂತುಹೋಯಿತು. ಎರಡೂ ಕಾಲು ಕೆಂಪಾಗಿ ಊದಿದ್ದವು.

ಕೂಗು ಕೇಳಿ ಕೇರಿಯ ಮಾದೇವಿಯಕ್ಕ ಎಲೆಯಡಿಕೆ ಸಂಚಿ ಬಿಚ್ಚುತ್ತ ಬಂದಳು. "ಸುಣ್ಣ ಹಚ್ಚು ತಂಗಿ, ಉರಿ ಹೋತದೆ. ಎಂತ ಹುಡುಗ್ನಾ ನೀನು? ಹೆಣ್ಮಗೂನ ಚಗಳಿ ಗೂಡಲ್ಲಿ ನಿಲ್ಸೂದಾ?"

"ದೂರದಿಂದ ಇರುವೆ ಕಾಣೂದಿಲ್ಲ ಅಕ್ಕಾ..." ಎಂದ ಸುದರ್ಶನ.

"ದುರ್ಬೀನಲ್ಲಿ ಎಲ್ಲ ಕಾಣ್ತದಲ?" ಪ್ರಣಿತಾ ಬಿಡಲಿಲ್ಲ.

"ನಾನು ಕೋಲು ಮಾತ್ರ ನೋಡೂದು," ಎಂದು ಗಂಭೀರವಾಗಿ ಹೇಳಿದ ಅವನು ಸುಣ್ಣದ ಡಬ್ಬಿಯನ್ನು ಅವಳ ಮುಂದೆ ಹಿಡಿದ. "ಸಾರಿ."

ಆ 'ಸಾರಿ' ಮಾತ್ರ ಅವಳಿಗೆ ಸ್ವಲ್ಪ ಹಿಡಿಸಿತು. ಆದರೆ ಹಿಡಿಸಿತು ಎಂದು ತೋರಿಸಿಕೊಳ್ಳಲು ಅವಳೇನು ದಡ್ಡಿಯೇ?

ಒಂದೇ ಕಾಲೇಜಾದರೂ ಇಬ್ಬರದೂ ಬೇರೆ ಬೇರೆ ಸೆಕ್ಷನ್. ಕುಮಟಾ ಹತ್ತಿರದ ಬಾಡದ ಹುಡುಗಿ ಪ್ರಣಿತಾ, ಭಟ್ಕಳದ ಹುಡುಗ ಸುದರ್ಶನ. ಮೂರನೇ ವರ್ಷದ ಸರ್ವೇ ಕ್ಯಾಂಪಿಗೆಂದು ಗೇರುಸೊಪ್ಪದಿಂದಲೂ ಮೇಲಿರುವ ಬಂಡೆಕೇರಿಗೆ ಬಂದಾಗ, ರವೀಂದ್ರ ಸರ್ ಇಬ್ಬರನ್ನೂ ಒಂದೇ ತಂಡಕ್ಕೆ ಹಾಕಿದ್ದರು. ಹುಡುಗಿಯೆಂದು ಕೋಲು ಹಿಡಿಯುವ ಕೆಲಸವನ್ನು ಅವಳಿಗೇ ಕೊಟ್ಟಿದ್ದರು ಎಂಬುದು ಅವಳ ಹೊಟ್ಟೆಯೊಳಗಿನ ಇನ್ನೊಂದು ಉರಿ.

ಕೆಲಸ ಮಾತ್ರ ಪುಸ್ತಕದ ಲೆಕ್ಕವಲ್ಲ, ನಿಜದ್ದು. ಮೇಲಿನ ಹಳ್ಳದ ನೀರು ಪಂಪಿಲ್ಲದೆ, ಪೈಪಿನಲ್ಲಿ ತಾನಾಗಿಯೇ ಹರಿದು ಶಾಲೆಯ ದಿಬ್ಬಕ್ಕೆ ಬರುತ್ತದೋ ಇಲ್ಲವೋ ಎಂದು ಅಳೆದು ಹೇಳಬೇಕು. ಹಳ್ಳ ದಿಬ್ಬಕ್ಕಿಂತ ಎತ್ತರದಲ್ಲಿದ್ದರೆ ನೀರು ಬರುತ್ತದೆ. ಇಲ್ಲವಾದರೆ ಇಲ್ಲ. ಕ್ಯಾಂಪಿನ ವರದಿ ಕೈಗೆ ಬಂದ ಕೂಡಲೇ ಪೈಪಿಗೆ ಆರ್ಡರ್ ಕೊಡುತ್ತೇನೆ ಎಂದಿದ್ದರು ಪಂಚಾಯ್ತಿ ಸದಸ್ಯ ಮಾಬ್ಲಣ್ಣ.

ಬಂಡೆಕೇರಿಯ ಹೆಂಗಸರು ಬೇಸಿಗೆಯಲ್ಲಿ ಹಳ್ಳಕ್ಕೇ ಹೋಗಿ ನೀರು ಹೊರಬೇಕು. ಸೊಂಟ ನೋವಿನ ಮಾದೇವಿಯಕ್ಕ ಪ್ರತಿದಿನ ಕೇಳುತ್ತಿದ್ದಳು.

"ನೀರು ಬತ್ತದ್ಯಾ ತಂಗಿ?"

"ಲೆಕ್ಕ ಮುಗೀಲಿ ಅಕ್ಕಾ... ಮೊದ್ಲು ನಿಂಗೇ ಬಂದು ಹೇಳ್ತೆ."

ದಿನಗಳು ಕಳೆದಂತೆ ಪ್ರಣಿತಾಳಿಗೆ ಒಂದು ವಿಚಿತ್ರ ಅಭ್ಯಾಸವಾಯಿತು. ದೂರದಲ್ಲಿ ಆ ಎರಡು ಕೈ ಮೇಲೇಳುವುದನ್ನೇ ಅವಳು ಕಾಯತೊಡಗಿದಳು. ಅವನೂ ಕಡಿಮೆಯೇನಲ್ಲ. ಕೋಲು ನಿಲ್ಲಿಸುವ ಜಾಗದಲ್ಲಿ ಮೊದಲೇ ಬಂದು ಎಲೆ ಕೆದಕಿ, ಇರುವೆ ಇಲ್ಲವೆಂದು ನೋಡಿ, ಏನೂ ಮಾತಾಡದೆ ಹೋಗುತ್ತಿದ್ದ.

'ಇಷ್ಟು ದೂರ ನಿಂತು ಇಷ್ಟು ಹತ್ತಿರ ಆಗೂಕೆ ಸಾಧ್ಯವಾ...?' ಎಂದುಕೊಂಡಳು ಅವಳು.

ಒಂದು ದಿನ ಹಲಸಿನ ಮರದ ಕೆಳಗೆ ಕೋಲು ಹಿಡಿದು ನಿಂತಿದ್ದಾಗ ಮಾದೇವಿಯಕ್ಕನ ಕರು ಬಂದು ಕೋಲನ್ನು ನೆಕ್ಕತೊಡಗಿತು. ಓಡಿಸಲು ಕೈ ಬಿಡುವಂತಿಲ್ಲ. ಕೋಲು ಮುಗಿಸಿ ಅದು ಅವಳ ಮೊಣಕೈಗೆ ಬಂತು! ಕಚಗುಳಿ ತಾಳಲಾರದೆ ಪ್ರಣಿತಾ ಬಿದ್ದು ಬಿದ್ದು ನಕ್ಕಳು. ಆ ದಿನ ಸುದರ್ಶನನ ಕೈ ಮೇಲೇಳಲು ಬಹಳ ಹೊತ್ತು ಹಿಡಿಯಿತು.

ಅಳತೆ ದಿಬ್ಬ ಮುಟ್ಟಿತು. ಲೆಕ್ಕ ಹಾಕಿದರೆ ಹಳ್ಳವೇ ತುಸು ಎತ್ತರ!

ಪ್ರಣಿತಾ ಯಾರನ್ನೂ ಕೇಳದೆ ಮಾದೇವಿಯಕ್ಕನ ಮನೆಗೆ ಓಡಿದಳು. "ಅಕ್ಕಾ, ಬತ್ತದೆ! ನೀರು ಬತ್ತದೆ!"

ಮಾದೇವಿಯಕ್ಕ ಅವಳ ಗಲ್ಲ ಹಿಡಿದು ಅತ್ತೇಬಿಟ್ಟಳು.

ಆದರೆ ಸರ್ವೆಯಲ್ಲಿ ಹೋದ ದಾರಿಯಲ್ಲೇ ಅಳೆಯುತ್ತ ವಾಪಸ್ಸು ಬರಬೇಕು. ಹೋಗುವಾಗಿನ ಲೆಕ್ಕಕ್ಕೂ ಬರುವಾಗಿನ ಲೆಕ್ಕಕ್ಕೂ ತಾಳೆಯಾಗಬೇಕು. ಆಗಲಿಲ್ಲ. ಸರಿಯಾಗಿ ಒಂದು ಮೀಟರ್ ಎಲ್ಲೋ ಕಾಣೆಯಾಗಿತ್ತು.

ಶಾಲೆಯ ಜಗುಲಿಯಲ್ಲಿ ಎಲ್ಲರೆದುರು ರವೀಂದ್ರ ಸರ್ ಹುಬ್ಬು ಗಂಟಿಕ್ಕಿದರು. "ಸ್ಟಾಫ್ ಹಿಡಿದವರು ಯಾರು? ಪ್ರಣಿತಾನಾ? ವಾಲಿಸಿರಬೇಕು. ನಾಳೆಯೊಳಗೆ ಸರಿ ಮಾಡಿ."

ಪ್ರಣಿತಾ ಸುದರ್ಶನನ ಕಡೆ ನೋಡಿದಳು. 'ಹೇಳು... ನಾನು ಎಷ್ಟು ನೇರ ಹಿಡಿದಿದ್ದೆ ಹೇಳಿ ನಿಂಗೆ ಗೊತ್ತಲ! ಒಂದು ಮಾತು ಹೇಳು...'

ಅವನು ತಲೆ ತಗ್ಗಿಸಿ ನಿಂತಿದ್ದ. ತುಟಿ ಬಿಚ್ಚಲಿಲ್ಲ!

ಅದೇ ಸಂಜೆ ಅವನು ಬಂದು, "ಲೆಕ್ಕ ಸರಿಯಾಯ್ತು," ಎಂದ.

"ಹೌದಾ! ಎಲ್ಲಿ ತಪ್ಪಿತ್ತು?"

"...ತಪ್ಪು ಹುಡುಕ್ಲಿಲ್ಲ. ವಾಪಸ್ ಬಂದ ಲೆಕ್ಕದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಅಡ್ಜಸ್ಟ್ ಮಾಡ್ದೆ. ಎಲ್ಲಾ ಬ್ಯಾಚಿನವ್ರೂ ಮಾಡ್ತಾರೆ ಪ್ರಣಿತಾ. ಮಾರ್ಕಿಗೆ ತೊಂದ್ರೆ ಇಲ್ಲ. ನಿಂಗೂ ಯಾರೂ ಬೈಯೂದಿಲ್ಲ."

"ಮಾರ್ಕು...? ಮಾದೇವಿಯಕ್ಕ ಮಾರ್ಕು ಕುಡೀತಾಳಾ? ನೀರು ಬತ್ತದೆ ಹೇಳಿ ನಾ ಮಾತು ಕೊಟ್ಟಾಗಿದೆ! ಮಾಬ್ಲಣ್ಣ ಪೈಪ್ ತರ್ತಾರೆ, ಆಮೇಲೆ ನಲ್ಲಿಲಿ ಗಾಳಿ ಬಂದ್ರೆ?"

"ನಿನ್ನ ಮೇಲೆ ಮಾತು ಬರೂದು ಬೇಡ ಹೇಳಿ..."

"ನನ್ನ ತಪ್ಪು ಮುಚ್ಚಿದ್ಯಾ? ಕರುಣೆಯಾ? ಕೋಲು ವಾಲಿದ್ರೆ ಬೆರಳಿನಷ್ಟು ತಪ್ಪು ಬತ್ತದೆ ಸುದರ್ಶನ, ಇಡೀ ಒಂದು ಮೀಟರ್ ಬರೂದಿಲ್ಲ. ಒಂದು ಮೀಟರ್ ತಪ್ಪೂದು ದುರ್ಬೀನಿಗೆ ಕಣ್ಣಿಟ್ಟವ್ರಿಗೆ. ಅದು ನಿಂಗೂ ಗೊತ್ತು. ಗೊತ್ತಿದ್ದೂ ಸುಮ್ನೆ ನಿಂತೆ!"

ಅವನ ಮುಖ ಬಿಳಿಚಿಕೊಂಡಿತು.

ಅವಳು ತಿರುಗಿಯೂ ನೋಡದೆ ಹೊರಟುಹೋದಳು. 'ಇವನಿಗಾಗಿ ಕಾಯ್ತಾ ಇದ್ನಲ ನಾನು... ಈ ಹೇಡಿಗಾಗಿ...!'

ಬೆಳಗಾಗುತ್ತಲೇ ಪ್ರಣಿತಾ ದುರ್ಬೀನು ಹೆಗಲಿಗೇರಿಸಿ ಹಳ್ಳಕ್ಕೆ ಹೊರಟಳು. ಕೋಲು ಹಿಡಿಯಲು ಮಾದೇವಿಯಕ್ಕನನ್ನೇ ಕರೆದಳು. ಪಾಪ, ಅವಳು ಕೋಲನ್ನು ಎಷ್ಟು ನೇರ ಹಿಡಿದರೂ ಅದು ಒಮ್ಮೆ ಪಶ್ಚಿಮಕ್ಕೆ ಒಮ್ಮೆ ಪೂರ್ವಕ್ಕೆ ನಮಸ್ಕಾರ ಮಾಡುತ್ತಿತ್ತು.

"ಇದು ಕೋಲಾ ದೆವ್ವನಾ ತಂಗಿ? ನನ್ನನ್ನೇ ಎತ್ತಿಕೊಂಡು ಹೋತದೆ!"

ಆಗ ಏದುಸಿರು ಬಿಡುತ್ತ ಸುದರ್ಶನ ಓಡಿಬಂದ.

"ರವೀಂದ್ರ ಸರಿಗೆ ಎಲ್ಲ ಹೇಳ್ದೆ. ಲೆಕ್ಕ ತಿದ್ದಿದ್ದು ನಾನು, ತಪ್ಪು ಓದಿದ್ದೂ ನಾನೇ ಇರಬೇಕು, ಪ್ರಣಿತಾಂದು ಎಂತದೂ ಇಲ್ಲ ಹೇಳಿ. ಎಲ್ಲರೆದುರೇ ಹೇಳ್ದೆ. ಮೊದ್ಲಿಂದ ಅಳೀರಿ ಅಂದ್ರು."

ಅವನು ಮಾದೇವಿಯಕ್ಕನ ಕೈಯಿಂದ ಕೋಲು ತೆಗೆದುಕೊಂಡ.

"ದುರ್ಬೀನು ನೀನೇ ನೋಡು. ಕೋಲು ನಾನು ಹಿಡೀತೆ."

ಹಳ್ಳದಿಂದ ಹೊರಟರು. ಒಂದೊಂದೇ ಜಾಗ ಹಳೆಯ ಲೆಕ್ಕಕ್ಕೆ ತಾಳೆಯಾಯಿತು. ಅವಳು ಅಳತೆ ಬಿಟ್ಟು ಬೇರೆ ಮಾತಾಡಲಿಲ್ಲ, ಅವನೂ ಕೇಳಲಿಲ್ಲ. ಹಲಸಿನ ಮರ ಬಂತು.

ಪ್ರಣಿತಾ ಕಣ್ಣು ಇಟ್ಟಳು. ದುರ್ಬೀನಿನಲ್ಲಿ ಇಡೀ ಕೋಲು ಕಾಣುವುದಿಲ್ಲ, ಒಂದು ತುಂಡು ಮಾತ್ರ. ಮೀಟರನ್ನು ಹೇಳುವ ಕೆಂಪು ಅಂಕಿ ಎಲೆಯ ಮರೆಯಲ್ಲಿ ಇಣುಕುತ್ತಿತ್ತು. ಗಮನವಿಟ್ಟು ಹುಡುಕದಿದ್ದರೆ ತಪ್ಪಿಹೋಗುವಂಥದ್ದು.

ಮತ್ತು ಕೋಲಿನ ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ... ಅವನ ಮುಖ!

ನಿದ್ದೆಯಿಲ್ಲದ ಕಣ್ಣು, ಒಣಗಿದ ತುಟಿ, ಹಣೆಯ ಮೇಲಿನ ಬೆವರ ಹನಿ, ಎಲ್ಲವೂ ಕಾಣುತ್ತಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡ ಮುಖ ಅದು. ಅದರಲ್ಲಿ ಸುಳ್ಳಿರಲಿಲ್ಲ. ಅವಳು ಅಂಕಿಯನ್ನು ಮರೆತು ನೋಡುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ, ಅವಳಿಗೇ ಗೊತ್ತಾಗಲಿಲ್ಲ.

'ಅಯ್ಯೋ ದೇವರೇ... ಅವನಿಗೂ ಹೀಗೇ ಆಗಿತ್ತಾ...?'

ಕಣ್ಣೊರೆಸಿಕೊಂಡು, ಎಲೆಯ ಮರೆಯ ಅಂಕಿಯನ್ನು ಎರಡೆರಡು ಸಲ ಓದಿದಳು. ಹಳೆಯ ಲೆಕ್ಕಕ್ಕೂ ಇದಕ್ಕೂ ಸರಿಯಾಗಿ ಒಂದು ಮೀಟರ್ ವ್ಯತ್ಯಾಸ!

ನೇರ ಅವನ ಬಳಿಗೆ ನಡೆದಳು.

"ಇಲ್ಲೇ ತಪ್ಪಿದ್ದು. ಕರು ಬಂದ ದಿನ. ನಿಂಗೆ ಗೊತ್ತಿತ್ತು ಅಲ್ವಾ?"

ಅವನು ಕೋಲನ್ನು ಬಿಗಿಯಾಗಿ ಹಿಡಿದುಕೊಂಡ. "ಅಂದಾಜಿತ್ತು... ಆ ದಿನ ನಾನು ಕೋಲು ನೋಡ್ಲೇ ಇಲ್ಲ ಪ್ರಣಿತಾ. ನೀನು ನಗ್ತಾ ಇದ್ದೆ. ನಾ ನಿನ್ನನ್ನೇ ನೋಡ್ತಾ ಇದ್ದೆ. ಆಮೇಲೆ ಗಡಿಬಿಡಿಲಿ ಏನೋ ಒಂದು ಓದಿ ಕೈ ಎತ್ತಿಬಿಟ್ಟೆ. ಎಲ್ಲರೆದುರು ಇದನ್ನ ಹ್ಯಾಗೆ ಹೇಳೂದು...? ಅದಕ್ಕೇ ಸುಮ್ನಾದೆ. ಬೈಗಳು ನಿಂಗೆ ಬಿತ್ತು. ನಾನು ಹೇಡಿನೇ."

ಅವಳಿಗೆ ಕೋಪ ಬರಬೇಕಿತ್ತು. ಸ್ವಲ್ಪ ಬಂತು ಕೂಡ! ಆದರೆ ಅದರ ಹಿಂದೆಯೇ ಬಂದದ್ದು ಅದಕ್ಕಿಂತ ದೊಡ್ಡದಿತ್ತು. "ಮೊದ್ಲು ದಿಬ್ಬ ಮುಟ್ಟೂಣ. ಮಾತು ಆಮೇಲೆ," ಎಂದಳು.

ದಿಬ್ಬ ಮುಟ್ಟಿದರು. ಈ ಸಲದ ಲೆಕ್ಕದಲ್ಲಿ ಹಳ್ಳಕ್ಕಿಂತ ದಿಬ್ಬವೇ ಎತ್ತರ. ನೀರು ಬರುವುದಿಲ್ಲ.

ಪ್ರಣಿತಾ ದುರ್ಬೀನು ಬಿಟ್ಟು ತಿರುಗಿದಳು. ಹಿಂದೆಯೇ ನಡೆದುಬಂದಿದ್ದ ಮಾದೇವಿಯಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ... ನಾ ಸುಳ್ಳು ಹೇಳ್ದೆ. ಗೊತ್ತಿಲ್ದೆ ಹೇಳ್ದೆ. ಇಲ್ಲಿಗೆ ನೀರು ಹತ್ತೂದಿಲ್ಲ..."

"ತಪ್ಪು ಅವಳ್ದಲ್ಲ, ನಂದು," ಎಂದ ಸುದರ್ಶನ ಮುಂದೆ ಬಂದು. ಈ ಸಲ ತಲೆ ತಗ್ಗಿಸಲಿಲ್ಲ.

ಮಾದೇವಿಯಕ್ಕ ಇಬ್ಬರನ್ನೂ ನೋಡಿದಳು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಕೇಳಿದಳು, "ದಿಬ್ಬಕ್ಕೆ ಬರೂದಿಲ್ಲ, ಆತು. ನಮ್ಮ ಅಂಗಳಕ್ಕೆ ಬತ್ತದ್ಯಾ? ಟಾಂಕಿ ಅಲ್ಲೇ ಕಟ್ಟಲಿ. ಕೇರಿಯವ್ರೆಲ್ಲ ನಮ್ಮನೆಗೇ ಬರ್ಲಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂಗಳ ದಿಬ್ಬಕ್ಕಿಂತ ಎಷ್ಟೋ ಕೆಳಗಿತ್ತು!

ಓಡಿದರು. ಅಳೆದರು. ಅಲ್ಲಿಂದ ಹಳ್ಳದವರೆಗೆ ವಾಪಸ್ಸೂ ಅಳೆದರು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಹೋದ ಲೆಕ್ಕ, ಬಂದ ಲೆಕ್ಕ ಎರಡೂ ತಾಳೆಯಾದವು. ಯಾರೂ ಏನೂ ತಿದ್ದಲಿಲ್ಲ.

ನೀರು ಬರುತ್ತದೆ. ನಿಜವಾಗಿಯೂ ಬರುತ್ತದೆ.

ಮಾದೇವಿಯಕ್ಕ ಕೇರಿಗೆಲ್ಲ ಕೂಗಿ ಹೇಳಲು ಹೊರಟಳು. ಹಳ್ಳದ ದಂಡೆಯ ಬಂಡೆಯ ಮೇಲೆ ಇಬ್ಬರೇ ಉಳಿದರು.

"ಈಗಾದ್ರೂ ಬೈಯಿ," ಎಂದ ಅವನು ಮೆಲ್ಲಗೆ.

"ಬೈತೆ. ನಿನ್ನೆ ನನ್ನ ಒಬ್ಳನ್ನೇ ನಿಲ್ಲಿಸಿದ್ದಕ್ಕೆ ಇನ್ನೂ ತುಂಬಾ ದಿನ ಬೈತೆ."

"ತುಂಬಾ ದಿನ...? ಕ್ಯಾಂಪ್ ನಾಳೆ ಮುಗೀತದೆ."

ಪ್ರಣಿತಾ ನೀರಿಗೆ ಕಾಲು ಇಳಿಬಿಟ್ಟಳು. ಕೆನ್ನೆ ಕೆಂಪಾಗಿತ್ತು, ಬಿಸಿಲಿಗೆ ಎಂದು ಬೇಕಾದರೆ ಹೇಳಬಹುದು. "ಕ್ಯಾಂಪ್ ಮುಗೀತದೆ. ಬಾಡಕ್ಕೆ ಬಸ್ ಇಲ್ವಾ?"

"ಬಾಡಕ್ಕಾ? ನಿಮ್ಮನೆಗಾ? ಅಪ್ಪನ ಹತ್ರ ನಾನು ಎಂತ ಹೇಳೂದು?"

"ಇದ್ದದ್ದು ಹೇಳು."

"ಇದ್ದದ್ದು ಹೇಳೂದಾದ್ರೆ... ನಂಗೆ ನಿನ್ನ ಬಿಟ್ಟು ಇರೂಕೆ ಆಗೂದಿಲ್ಲ ಹೇಳಬೇಕಾಗ್ತದೆ."

"ಮೊದ್ಲು ನಂಗೆ ಹೇಳಬೇಕಲ ಅದನ್ನ."

ಅವನು ಅವಳ ಕಡೆ ತಿರುಗಿದ. ಸ್ವರ ನಡುಗಿದರೂ ಮಾತು ನಡುಗಲಿಲ್ಲ.

"ನಿನ್ನನ್ನ ಪ್ರೀತಿಸ್ತೆ ಪ್ರಣಿತಾ."

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಹೆಗಲಿಗೆ ತಲೆಯಿಟ್ಟಳು.

"ಹೆದ್ರಿಕೆ ಆಗ್ತದೆ," ಎಂದ ಅವನು.

"ನಂಗೂ," ಎಂದಳು ಅವಳು. "ಹಾಗೇ ಕೂತ್ಕೊ. ಕೈ ಬಿಡಬೇಡ."